ಚೆಕ್‌ರೋಲ್ ಪುಸ್ತಕದಲ್ಲಿ ಮೇಸ್ತ್ರಿಯ ಲೆಕ್ಕ

ಹಣ್ಣು ಕೊಯ್ಲಿನ ಹೊತ್ತಿಗೆ ಆಳು ಸಿಗುವುದಿಲ್ಲ ಎಂಬುದು ಸಕಲೇಶಪುರ, ಆಲೂರು ಸೀಮೆಯ ಕಾಫಿ ಬೆಳೆಗಾರರ ಪ್ರತಿವರ್ಷದ ಅಳಲು. ಅದು ಸುಳ್ಳಲ್ಲ. ಊರಿನ ಯುವಕರು ಬೆಂಗಳೂರಿನ ದಾರಿ ಹಿಡಿದಿದ್ದಾರೆ. ದೂರದ ಅಸ್ಸಾಮಿನಿಂದ ಬಂದವರು ಲೈನ್‌ಮನೆಗಳಲ್ಲಿದ್ದಾರೆ. ಆದರೆ ಒಂದೇ ಬಗೆಯ ಕೂಲಿ ಕೊಡುವ ಎರಡು ತೋಟಗಳಲ್ಲಿ ಒಂದಕ್ಕೆ ಆಳುಗಳು ವರ್ಷವೂ ಮರಳಿ ಬಂದು, ಇನ್ನೊಂದರಿಂದ ಕೊಯ್ಲಿನ ನಡುವೆಯೇ ಗಂಟುಮೂಟೆ ಕಟ್ಟಿದರೆ ಕಾರಣವೇನು? ಮೇಸ್ತ್ರಿ ಒಳ್ಳೆಯವನೋ ಕೆಟ್ಟವನೋ ಎಂಬ ಬಾಯಿಮಾತನ್ನು ದಾಟಿ ಈ ಪ್ರಶ್ನೆ ಮುಂದೆ ಹೋಗುವುದು ಅಪರೂಪ.

ಉತ್ತರಕ್ಕೆ ಬೇಕಾದ ಸಾಮಗ್ರಿ ತೋಟದ ಕಚೇರಿಯಲ್ಲಿಯೇ ಇದೆ. ಯಾರು ಎಷ್ಟು ದಿನ ಬಂದರು, ಎಷ್ಟು ಕಿಲೋ ಹಣ್ಣು ಕೊಯ್ದರು ಎಂಬುದನ್ನು ರೈಟರು ದಿನವೂ ಬರೆದಿಡುತ್ತಾರೆ. ಬಟವಾಡೆ ಮುಗಿದೊಡನೆ ಪುಸ್ತಕ ಅಟ್ಟ ಸೇರುತ್ತದೆ.

ಬೆಂಗಳೂರಿನ ಸಿದ್ಧ ಉಡುಪು ಉದ್ಯಮದಲ್ಲಿ ಇಂಥ ದಾಖಲೆಗಳನ್ನೇ ಆಧರಿಸಿ ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ ಮತ್ತು ಅನಂತ್ ನೈಷಧಂ ನಡೆಸಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಗಾಳಿಯಲ್ಲಿ ದೂಳು ಹೆಚ್ಚಿದಾಗ ಹೊಲಿಗೆ ಕುಂಠಿತವಾಗುತ್ತದೆ. ಆದರೆ ಕೆಲಸಗಾರರ ಮೇಲೆ ಗಮನವಿಟ್ಟು, ಅಗತ್ಯ ಬಿದ್ದಾಗ ಅವರ ಕೆಲಸವನ್ನು ಅದಲುಬದಲು ಮಾಡುವ ಮೇಲ್ವಿಚಾರಕರಿರುವಲ್ಲಿ ನಷ್ಟ ಕಡಿಮೆ ಎಂಬುದು ಅದರಲ್ಲಿ ಕಂಡುಬಂತು.

ಹಾಗೆಂದು ಕಿಲೋಗಳ ಸರಾಸರಿ ತೆಗೆದು ಮೇಸ್ತ್ರಿಗಳಿಗೆ ಅಂಕ ಹಾಕಹೊರಟರೆ ಅನ್ಯಾಯವಾದೀತು. ಕಡಿದಾದ ಇಳಿಜಾರಿನ ಅರೇಬಿಕಾಕ್ಕೂ ಸಮತಟ್ಟಾದ ರೊಬಸ್ಟಾಕ್ಕೂ ಒಂದೇ ಅಳತೆ ಸಲ್ಲದು. ಕಾಡಾನೆ ಇಳಿದ ಬೆಳಿಗ್ಗೆ ಆಳು ಬಾರದಿದ್ದರೆ ಮೇಸ್ತ್ರಿ ಹೊಣೆಯಲ್ಲ. ಹಣ್ಣು ತುಂಬಿದ ತಾಕಿಗೇ ಚುರುಕಾದ ಮೇಸ್ತ್ರಿಯನ್ನು ಕಳುಹಿಸಿದರೆ ಗಿಡದ ಕೀರ್ತಿ ಅವನಿಗೆ ಸಂದೀತು. ಒಂದೇ ತಾಕಿನಲ್ಲಿ ಸರದಿಯಂತೆ ದುಡಿದ ಗುಂಪುಗಳನ್ನು ಹೋಲಿಸಬೇಕು. ಮೂರು ನಾಲ್ಕು ಮೇಸ್ತ್ರಿಗಳಿರುವ ಒಂದು ತೋಟದ ಲೆಕ್ಕದಿಂದ ಏನನ್ನೂ ಸಾಧಿಸಲಾಗದು. ಹತ್ತಾರು ತೋಟಗಳ ಪುಸ್ತಕಗಳು ಒಂದೆಡೆ ಸೇರಬೇಕು.

ಇನ್ನೂ ತೊಡಕಿನ ಸಂಗತಿಯೆಂದರೆ ಮುಂಗಡ. ಸಾಲ ತೀರದೆ ಹೋಗಲಾಗದವನೂ ಪುಸ್ತಕದಲ್ಲಿ 'ಉಳಿದವನು' ಎಂದೇ ದಾಖಲಾಗುತ್ತಾನೆ. ಉಳಿಕೆಯನ್ನೇ ತೃಪ್ತಿಯೆಂದು ಬಗೆದರೆ ಅತ್ಯಂತ ಬಿಗಿಯಾದ ಮೇಸ್ತ್ರಿಯೇ ಅತ್ಯುತ್ತಮ ನಾಯಕನಾಗಿ ಕಂಡಾನು. ಆದ್ದರಿಂದ ಮುಂಗಡದ ಬಾಕಿ, ಗಾಯ, ಗೈರುಹಾಜರಿ, ಮಕ್ಕಳ ಶಾಲೆ ಇವೂ ಲೆಕ್ಕಕ್ಕೆ ಬರಬೇಕು. ಆಳುಗಳನ್ನು, ಅದರಲ್ಲೂ ಹೆಂಗಸರನ್ನು, ಮೇಸ್ತ್ರಿ ಇಲ್ಲದ ಕಡೆ ಅವರ ಭಾಷೆಯಲ್ಲೇ ಮಾತನಾಡಿಸಬೇಕು.

ಹೂವರಳಿದ ಮೇಲೊಮ್ಮೆ, ಮಳೆಗಾಲ ಕಳೆದ ಮೇಲೊಮ್ಮೆ ಫಸಲನ್ನು ಅಂದಾಜಿಸುವ ಕಾಫಿ ಮಂಡಳಿಗೆ ಸಮೀಕ್ಷೆ ಹೊಸದೇನಲ್ಲ. ಬೆಳೆಗಾರರ ಸಂಘಟನೆಗಳು ಹೆಸರು ಮರೆಸಿದ ಚೆಕ್‌ರೋಲ್‌ಗಳನ್ನು ಮಂಡಳಿಗೆ ಒಪ್ಪಿಸಲಿ. ಅದರ ಫಲಿತಾಂಶ ಕೂಲಿ ಕಡಿತಕ್ಕೆ ಬಳಕೆಯಾಗದೆಂಬ ಲಿಖಿತ ಭರವಸೆಯನ್ನು ಕಾರ್ಮಿಕ ಸಂಘಗಳಿಗೆ ಮೊದಲೇ ಕೊಡಲಿ.