ಕಪಾಟಿನಲ್ಲಿ ಅಡಗಿಸಿಡುವ ಟ್ಯೂಬ್

ಗಲ್ಫಿನಿಂದ ಬಂದ ಪೆಟ್ಟಿಗೆಯಲ್ಲಿ ಹೆಸರು ಓದಲಾಗದ ಬಿಳುಪಿನ ಕ್ರೀಮ್ ಇದ್ದರೆ, ಅದನ್ನು ಮಗಳ ಮುಖಕ್ಕೆ ಹಚ್ಚಲು ನಮ್ಮ ಮನೆಗಳಲ್ಲಿ ಯಾವ ಡಾಕ್ಟರ ಚೀಟಿಯೂ ಬೇಡ. ಅದೇ ಮಗಳ ಗಲ್ಲದ ಮೇಲೆ ದಪ್ಪ ರೋಮ ಬಂದು, ಚರ್ಮದ ಡಾಕ್ಟರು ಎಫ್ಲಾರ್ನಿಥಿನ್ ಕ್ರೀಮ್ ಬರೆದುಕೊಟ್ಟರೆ ನೂರು ಸಂಶಯ. ಹೆಣ್ಣು ನೋಡಲು ಬರುವವರಿಗೆ ಗೊತ್ತಾದರೆ? ಕಾಯಿಲೆಯ ಹುಡುಗಿ ಎಂದರೆ? ಚೀಟಿ ಹರಿದು ಹೋಗುತ್ತದೆ, ಟ್ಯೂಬ್ ಬಟ್ಟೆಗಳ ಅಡಿಗೆ ಸೇರುತ್ತದೆ. ಈ ತಲೆಕೆಳಗಾದ ಲೆಕ್ಕದ ಮೇಲೆಯೇ ನನ್ನ ಜಗಳ.

ಬಿಳುಪಿಗೆಂದು ಮಾರುವ ಎಷ್ಟೋ ಮಿಶ್ರಣಗಳಲ್ಲಿ ಬೆಟಾಮೆಥಸೋನ್, ಮೊಮೆಟಸೋನ್‌ನಂಥ ಸ್ಟೀರಾಯ್ಡ್ ಇರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಕೆಂಪಾಗುತ್ತದೆ, ಮೊಡವೆ ಏಳುತ್ತದೆ, ಮುಖದಲ್ಲಿ ರೋಮವೂ ಹೆಚ್ಚುತ್ತದೆ. ಯಾವುದನ್ನು ಮುಚ್ಚಲು ಹೊರಟೆವೋ ಅದನ್ನೇ ಬೆಳೆಸುವ ಕ್ರೀಮ್! ಚೀಟಿಯಿಲ್ಲದೆ ಇಂಥವನ್ನು ಮಾರಬಾರದೆಂದು 2018ರಲ್ಲೇ ಕೇಂದ್ರ ಸರಕಾರ ನಿಯಮ ಬಿಗಿ ಮಾಡಿತು. 2023ರಲ್ಲಿ ನಮ್ಮ ಪಕ್ಕದ ಮಲಪ್ಪುರಂನಲ್ಲಿ ಪಾದರಸ ಬೆರೆತ ಬಿಳುಪಿನ ಕ್ರೀಮ್ ಹಚ್ಚಿದವರಿಗೆ ಕಿಡ್ನಿ ಕಾಯಿಲೆ ಬಂದದ್ದು ಪತ್ರಿಕೆಗಳಲ್ಲೆಲ್ಲ ಬಂತು. ಆದರೂ ಹೆದರಿಕೆ ಮಾತ್ರ ಡಾಕ್ಟರ ಚೀಟಿಯ ಮೇಲೆ.

ಇನ್ನು ಆ ಚೀಟಿಯ ಕ್ರೀಮ್. ಅದು ರೋಮ ತೆಗೆಯುವ ಕ್ರೀಮ್ ಅಲ್ಲ. ರೋಮದ ಬುಡದಲ್ಲಿ ಬೆಳವಣಿಗೆಗೆ ಬೇಕಾದ ಒಂದು ಕಿಣ್ವವನ್ನು ತಡೆದು ಬೆಳೆಯುವ ವೇಗ ಕಡಿಮೆ ಮಾಡುತ್ತದೆ, ಅಷ್ಟೆ. ಥ್ರೆಡಿಂಗ್ ಇನ್ನೂ ಬೇಕಾಗಬಹುದು, ಆದರೆ ಅಂತರ ಹೆಚ್ಚುತ್ತದೆ. ದಿನಕ್ಕೆ ಎರಡು ಸಲ, ನಡುವೆ ಕನಿಷ್ಠ 8 ಗಂಟೆ ಬಿಟ್ಟು ಹಚ್ಚಬೇಕು. ಹಚ್ಚಿದ ಮೇಲೆ 4 ಗಂಟೆ ಮುಖ ತೊಳೆಯಬಾರದು. ಐದು ಹೊತ್ತು ವುಳೂ ಮಾಡುವವರಿಗೆ ಇದು ಆಗದ ಮಾತು ಎನ್ನುವವರಿದ್ದಾರೆ. ಯಾಕಾಗಬಾರದು? ಸುಬ್‌ಹಿ ನಮಾಝ್ ಆದ ಮೇಲೆ ಒಮ್ಮೆ, ಇಶಾ ಆದ ಮೇಲೆ ಒಮ್ಮೆ. ಫಲ ಕಾಣಲು 4ರಿಂದ 8 ವಾರ ಬೇಕು. ಎಲ್ಲರಿಗೂ ಫಲ ಕೊಡುವುದೂ ಇಲ್ಲ. ಕೆಲವರಿಗೆ ಉರಿ, ಮೊಡವೆ ಬರುವುದುಂಟು.

ನಿಲ್ಲಿಸಿದರೆ ಸುಮಾರು 8 ವಾರದಲ್ಲಿ ಮೊದಲಿನ ಸ್ಥಿತಿಗೇ ಬರುತ್ತದೆ. ಉಮ್ಮಂದಿರು ಇದನ್ನು ಕೇಳಿಸಿಕೊಳ್ಳಬೇಕು. ನಿಕಾಹ್ ತನಕ ಹಚ್ಚಿಸಿ, ಗಂಡನ ಮನೆಗೆ ಹೋಗುವಾಗ ಟ್ಯೂಬನ್ನು ತವರಲ್ಲೇ ಬಿಟ್ಟು ಹೋಗು ಎಂದರೆ, ಎರಡು ತಿಂಗಳೊಳಗೆ ಆ ಹುಡುಗಿ ಬಾಗಿಲು ಹಾಕಿಕೊಂಡು ಬ್ಲೇಡು ಹಿಡಿಯುತ್ತಾಳೆ. ಅಷ್ಟರಲ್ಲಿ ಬಸುರಿಯಾಗಿದ್ದರೆ ಯಾವ ಮದ್ದು ಮುಂದುವರಿಸಬೇಕು, ಯಾವುದು ನಿಲ್ಲಿಸಬೇಕು ಎಂದು ಕೇಳಲೂ ಬಾಯಿಲ್ಲ, ಏಕೆಂದರೆ ಮದ್ದಿನ ವಿಷಯವೇ ಯಾರಿಗೂ ಗೊತ್ತಿಲ್ಲ. ಮುಚ್ಚಿಡು ಎಂದು ಕಲಿಸಿದವರು ನಾವು, ಆಮೇಲೆ 'ಮೋಸ ಮಾಡಿ ಕೊಟ್ಟರು' ಎಂಬ ಮಾತು ಕೇಳುವವಳು ಅವಳು.

'ಅಲ್ಲಾಹು ಕೊಟ್ಟ ರೂಪ ಬದಲಿಸಬಾರದು' ಎನ್ನುವವರಿಗೆ ಒಂದು ಮಾತು. ನಾವು ಶಾಫಿಈ ಮದ್‌ಹಬಿನವರು. ಹೆಣ್ಣಿಗೆ ಗಡ್ಡ ಮೀಸೆ ಬಂದರೆ ತೆಗೆಯುವುದು ಹರಾಮ್ ಅಲ್ಲ, ಮುಸ್ತಹಬ್ ಎಂದು ಬರೆದವರು ನಮ್ಮದೇ ಇಮಾಂ ನವವಿ. ಹುಬ್ಬಿನ ಚರ್ಚೆಯನ್ನು ತಂದು ಗಲ್ಲಕ್ಕೆ ಅಂಟಿಸಬೇಡಿ.

ಕ್ರೀಮಿನಿಂದಲೇ ಎಲ್ಲ ಮುಗಿಯಿತೆಂದೂ ನಾನು ಹೇಳುತ್ತಿಲ್ಲ. ಇಂಥ ರೋಮದ ಹಿಂದೆ ಹೆಚ್ಚಾಗಿ ಇರುವುದು ಪಿಸಿಒಎಸ್. ಮುಟ್ಟು ತಪ್ಪುವುದು, ತೂಕ ಏರುವುದು, ಮುಂದೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ, ಎಲ್ಲ ಅದರ ಜೊತೆಗೇ ಬರಬಹುದು. ಕೆಲವೇ ತಿಂಗಳಲ್ಲಿ ರೋಮ ದಟ್ಟವಾಗಿ ಸ್ವರವೂ ಗಡುಸಾದರೆ ಒಂದು ದಿನವೂ ಕಾಯಬಾರದು. ಅಡಗಿಸಿದ ಟ್ಯೂಬಿನ ಜೊತೆ ಈ ಪರೀಕ್ಷೆಗಳೂ ಅಡಗಿ ಹೋಗುತ್ತವೆ. ನನಗೆ ಹೆಚ್ಚು ಸಿಟ್ಟು ಬರುವುದು ಇದಕ್ಕೇ.

ಗಂಡುಮಕ್ಕಳ ಮನೆಯವರಿಗೂ ಹೇಳಬೇಕಾದ್ದಿದೆ. ಹುಡುಗನ ನೆತ್ತಿ ಬೋಳಾದರೆ ರಜೆಯಲ್ಲಿ ಬಂದು ಕೂದಲು ನೆಡಿಸಿಕೊಳ್ಳುತ್ತಾನೆ, ಮೊದಲು ಹೀಗಿತ್ತು ಈಗ ಹೀಗಾಯಿತು ಎಂದು ಎರಡು ಫೋಟೋ ಕುಟುಂಬದ ವಾಟ್ಸಾಪ್ ಗ್ರೂಪಿಗೇ ಹಾಕುತ್ತಾನೆ. ಮಾಮಂದಿರೆಲ್ಲ ಮಾಶಾಅಲ್ಲಾಹ್ ಬರೆಯುತ್ತಾರೆ. ಅದೇ ಗ್ರೂಪಿನಲ್ಲಿರುವ ಅವನ ತಂಗಿ, ಮುಖಕ್ಕೆ ಶಾಲು ಎಳೆದುಕೊಂಡು, ತಾನೂ ಒಂದು ಮಾಶಾಅಲ್ಲಾಹ್ ಒತ್ತುತ್ತಾಳೆ.