ತಾರಸಿಯ ಮೇಲೊಂದು ಸ್ವಿಚ್

ಮಳೆಗಾಲದಲ್ಲಿ ತೀರ್ಥಹಳ್ಳಿಯವರಿಗೆ ಬಿಸಿಲು ಅಪರೂಪ. ಹಾಗಾಗಿ ಸೋಲಾರ್ ಟ್ಯಾಂಕಿನೊಳಗೆ ವಿದ್ಯುತ್ ಕಾಯಿಲನ್ನೂ ಹಾಕಿಸುತ್ತೇವೆ. ಅದರ ಸ್ವಿಚ್ ಮಾತ್ರ ಕೆಳಗೆ, ಬಚ್ಚಲುಮನೆಯಲ್ಲಿ. ಒಮ್ಮೆ ಅದನ್ನು ಆಫ್ ಮಾಡಿ, ತಾರಸಿ ಹತ್ತಿ ಕಾಯಿಲಿನ ಮುಚ್ಚಳ ಬಿಚ್ಚಿದ್ದೆ. "ಅಪ್ಪಯ್ಯಾ, ಸ್ವಿಚ್ ಹಾಕ್ಲಾ?" ಎಂದು ಮಗಳು ಕೂಗಿದಳು. ಕೇಳದೆಯೇ ಹಾಕಿದ್ದರೆ?

ಅಮೆರಿಕದ ವಿದ್ಯುತ್ ನಿಯಮಾವಳಿಯ ಪ್ರಕಾರ ಹವಾನಿಯಂತ್ರಕ ಯಂತ್ರದ ಬಳಿ ನಿಂತವನಿಗೆ ಅದರ ಸ್ವಿಚ್ ಕಾಣುತ್ತಿರಬೇಕು; 50 ಅಡಿಗಿಂತ ದೂರವಿರಬಾರದು. ಕಣ್ಣೆದುರಿನ ಸ್ವಿಚ್ಚನ್ನು ಕದ್ದು ಹಾಕುವವರಾರು?

ಮಕ್ಕಳೇ, ಇನ್ನೊಂದು ವಿಷಯ. ಸಾಮಾನ್ಯ ಸ್ವಿಚ್ ಒಂದೇ ತಂತಿಯನ್ನು ಕಡಿಯುತ್ತದೆ. ಫೇಸ್, ನ್ಯೂಟ್ರಲ್ ಅದಲುಬದಲಾಗಿದ್ದರೆ ಸ್ವಿಚ್ ಆಫ್ ಆದರೂ ಕಾಯಿಲಿನಲ್ಲಿ 230 ವೋಲ್ಟ್ ಹಾಗೆಯೇ ಇರುತ್ತದೆ! ಎರಡನ್ನೂ ಕಡಿಯುವ ಡಬಲ್ ಪೋಲ್ ಸ್ವಿಚ್ಚನ್ನು ಮಳೆನೀರು ಇಳಿಯದ ಪೆಟ್ಟಿಗೆಯಲ್ಲಿ ಟ್ಯಾಂಕಿನ ಪಕ್ಕದಲ್ಲೇ ಹಾಕಿಸಿದೆ. "ಸುಮ್ನೆ ಖರ್ಚು ಯಾಕೆ ಸಾರ್?" ಎಂದ ವೈರಿಂಗಿನವನು. ಮುಂದಿನ ಸಲ ಮುಚ್ಚಳ ಬಿಚ್ಚುವವನು ಅವನೇ.