ಪ್ರವಾಸಿಯ ಕ್ಷೇಮವೂ ಪಟ್ಟಣದ ಕೀರ್ತಿಯೂ

ಯಾವ ಪಟ್ಟಣವು ಪ್ರವಾಸಿಗೆ ನಿರ್ಭಯವಾದುದು ಎಂಬ ಪ್ರಶ್ನೆಗೆ ಈಚಿನ ವರ್ಷಗಳಲ್ಲಿ ಅಂಕಿಗಳ ಮೂಲಕ ಉತ್ತರ ಹೇಳುವ ಸಂಪ್ರದಾಯವೊಂದು ಬೆಳೆದುಬಂದಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಕಚೇರಿಯ ವಾರ್ಷಿಕ ವರದಿಯು ಹೊರಬಿದ್ದೊಡನೆ ಪತ್ರಿಕೆಗಳು ಲಕ್ಷ ಜನಕ್ಕೆ ಇಷ್ಟು ಅಪರಾಧವೆಂಬ ಲೆಕ್ಕವನ್ನು ಹಿಡಿದು ಪಟ್ಟಣಗಳಿಗೆ ಪದವಿಗಳನ್ನು ಹಂಚುತ್ತವೆ. ಕೊಲ್ಕತ್ತ ನಗರಕ್ಕೆ ಹಲವು ವರ್ಷ ಮೊದಲನೆಯ ಸ್ಥಾನ ದೊರೆತುದು ಈ ಬಗೆಯಲ್ಲಿಯೇ. ಆದರೆ ಆ ಪಟ್ಟಿಯಲ್ಲಿ ಎಣಿಕೆಗೆ ಬರುವುವು ಇಪ್ಪತ್ತು ಲಕ್ಷಕ್ಕೆ ಮೇಲ್ಪಟ್ಟ ಜನವಸತಿಯ 19 ಮಹಾನಗರಗಳು ಮಾತ್ರ. ಅಲ್ಲಿಯೂ ಎಣಿಸಲ್ಪಡುವುದು ನಡೆದ ಅಪರಾಧವಲ್ಲ, ಠಾಣೆಯಲ್ಲಿ ಬರೆಸಲ್ಪಟ್ಟ ಅಪರಾಧ. ದೂರನ್ನು ಬರೆದುಕೊಳ್ಳದೆ ಹಿಂದಕ್ಕೆ ಕಳುಹಿಸುವ ಊರು ಈ ಲೆಕ್ಕದಲ್ಲಿ ಸಾಧುವಾಗಿಯೂ, ಪ್ರಾಮಾಣಿಕವಾಗಿ ಬರೆದುಕೊಳ್ಳುವ ಊರು ದುಷ್ಟವಾಗಿಯೂ ಕಾಣುವುದು ಅಸಂಭವವೇನೂ ಅಲ್ಲ. ಈ ಎಚ್ಚರಿಕೆಯ ಮಾತನ್ನು ವರದಿಯನ್ನು ತಯಾರಿಸುವ ಕಚೇರಿಯೇ ಹೇಳಿದ್ದರೂ ಪದವಿ ಹಂಚುವವರಿಗೆ ಅದನ್ನು ಓದುವಷ್ಟು ಸಾವಧಾನವಿಲ್ಲ.

2011ರ ಜನಗಣತಿಯಲ್ಲಿ ದಾವಣಗೆರೆಯ ಜನಸಂಖ್ಯೆ ಸುಮಾರು 4,35,000, ಹರಿಹರದ್ದು 83,000ದಷ್ಟು. ಇವೆರಡಕ್ಕೂ ಅಂಥ ಪಟ್ಟಿಯಲ್ಲಿ ಸ್ಥಳವಿಲ್ಲ. ಸ್ಥಳವಿಲ್ಲದಿರುವುದರಿಂದ ಎರಡು ಅಭಿಪ್ರಾಯಗಳು ಹುಟ್ಟಿಕೊಂಡಿವೆ. ಹೊರಗಿನವರು, ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ದಾರಿಯಲ್ಲಿ ಬೆಣ್ಣೆದೋಸೆಗೆ ಇಳಿಯುವುದನ್ನು ಬಿಟ್ಟರೆ ಅಲ್ಲಿ ನೋಡತಕ್ಕುದು ಏನಿದೆ ಎನ್ನುತ್ತಾರೆ. ಊರಿನವರು, ತಮ್ಮಲ್ಲಿ ಸುಲಿಗೆಯಿಲ್ಲ, ದರೋಡೆಯಿಲ್ಲ, ಆದುದರಿಂದ ತಮ್ಮ ಊರು ಕ್ಷೇಮವಾದುದು ಎಂದು ಸಂತೋಷಪಡುತ್ತಾರೆ. ಮೊದಲನೆಯದು ಅಜ್ಞಾನ. ಎರಡನೆಯದು ಅದಕ್ಕಿಂತ ಅಪಾಯಕರವಾದ ಆತ್ಮತೃಪ್ತಿ.

ಅಜ್ಞಾನಕ್ಕೆ ಉತ್ತರ ಹೇಳುವುದು ಸುಲಭ. ಹರಿಹರದ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳರ ಎರಡನೆಯ ನರಸಿಂಹನ ದಂಡನಾಯಕ ಪೋಳಾಳ್ವನು 1224ರ ಸುಮಾರಿನಲ್ಲಿ ಕಟ್ಟಿಸಿದನು; 1268ರಲ್ಲಿ ಸೋಮ ದಂಡನಾಯಕನು ಅದಕ್ಕೆ ಮಹಾದ್ವಾರವನ್ನು ಸೇರಿಸಿದನು. ಹರಿಯಿಂದಲೂ ಹರನಿಂದಲೂ ತನಗೆ ಮರಣವಿಲ್ಲದಂತೆ ವರವನ್ನು ಪಡೆದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದೇ ಮೂರ್ತಿಯಾಗಿ ನಿಂತರೆಂಬುದು ಸ್ಥಳಪುರಾಣ. ಬಲಭಾಗದಲ್ಲಿ ಜಟೆ, ಎಡಭಾಗದಲ್ಲಿ ಕಿರೀಟ. ಶೈವ ವೈಷ್ಣವ ಕಲಹದಲ್ಲಿ ಸವೆದುಹೋದ ನಾಡಿಗೆ ಶಿಲ್ಪಿಯೊಬ್ಬನು ಹೇಳಿದ ಬುದ್ಧಿಮಾತು ಆ ಕಲ್ಲಿನಲ್ಲಿದೆ. ಸಭಾಮಂಟಪದ ಕಡೆದ ಕಂಬಗಳ ನುಣುಪನ್ನು ನೋಡಲು ಬೆಳಗಿನ ಹೊತ್ತೇ ಲೇಸು. ಊರ ಆರೋಗ್ಯಮಾತೆಯ ದೇವಾಲಯಕ್ಕೆ ಸೆಪ್ಟೆಂಬರ್ 8ರ ಹಬ್ಬದಲ್ಲಿ ಬರುವವರೆಲ್ಲರೂ ಕ್ರೈಸ್ತರೇ ಅಲ್ಲ; ಹರಿಹರನ ಊರಿನಲ್ಲಿ ಅದು ಆಶ್ಚರ್ಯವೂ ಅಲ್ಲ. ಅಲ್ಲಿಂದ ಹೊಳೆಯ ಕಡೆಗೆ ನಡೆದರೆ 1868ರಲ್ಲಿ ಮುಗಿದ, ಹದಿನಾಲ್ಕು ಕಮಾನುಗಳ ಹಳೆಯ ಸೇತುವೆ ಕಾಣುತ್ತದೆ. ಅದು ಏಳುವ ಮೊದಲು ಇತ್ತ ಮೈಸೂರು ಸಂಸ್ಥಾನ, ಅತ್ತ ಮುಂಬಯಿ ಆಧಿಪತ್ಯ, ನಡುವೆ ಹರಿಗೋಲು. ಇಲ್ಲಿಯೇ ತುಂಗಭದ್ರೆಗೆ ಬಂದು ಸೇರುವ ಹರಿದ್ರಾ ನದಿಯು ಚನ್ನಗಿರಿ ತಾಲೂಕಿನ ಸೂಳೆಕೆರೆಯಿಂದ ಹೊರಟದ್ದು. ಹೊಳೆಯ ಮೂಲವನ್ನು ಹುಡುಕಿಕೊಂಡು ಆ ಮಹಾತಟಾಕದ ಏರಿಯ ಮೇಲೆ ಒಂದು ಸಂಜೆ ನಿಂತವನು ‘ನೋಡತಕ್ಕುದು ಏನಿದೆ’ ಎಂಬ ಮಾತನ್ನು ಮತ್ತೆ ಆಡಲಾರನು.

ಹರಿಹರದಿಂದ 14 ಕಿಲೋಮೀಟರು ದೂರದ ದಾವಣಗೆರೆಯದು ಬೇರೆ ರೀತಿಯ ಚರಿತ್ರೆ. ಹೈದರಾಲಿಯು ಅಪ್ಪಾಜಿರಾಮನೆಂಬ ಮರಾಠ ಸರದಾರನಿಗೆ ಅದನ್ನು ಜಹಗೀರಾಗಿ ಕೊಟ್ಟ ಮೇಲೆ, ವರ್ತಕರನ್ನು ಕರೆಕರೆದು ನೆಲೆಗೊಳಿಸಿದುದರಿಂದ ಊರು ಬೆಳೆಯಿತು. ಅಂದರೆ ಈ ಪಟ್ಟಣದ ಬುನಾದಿಯೇ ಪರಸ್ಥಳದವನಿಗೆ ಕೊಟ್ಟ ಅಭಯ. ಹತ್ತಿಯ ಗಿರಣಿಗಳು ಬಹುಮಟ್ಟಿಗೆ ಮುಚ್ಚಿದರೂ ಪೇಟೆಯ ಗಲಗಲ ನಿಂತಿಲ್ಲ. ಮಂಡಕ್ಕಿ ಭಟ್ಟಿಗಳಲ್ಲಿ ಕಾದ ಮರಳಿನ ಮೇಲೆ ಅಕ್ಕಿ ಅರಳುವುದನ್ನು ನೋಡಿ, ಸಂಜೆ ಅದೇ ಮಂಡಕ್ಕಿಗೆ ಮೆಣಸಿನಕಾಯಿ ಬಜ್ಜಿಯನ್ನು ಜೊತೆಮಾಡಿ ತಿಂದು, ಕುಂದವಾಡದ ಕೆರೆಯ ಸುತ್ತ ಒಂದು ನಡಿಗೆ ಮುಗಿಸಿದರೆ ದಿನ ಸಾರ್ಥಕ. ಬೆಣ್ಣೆದೋಸೆಯನ್ನು ಬಣ್ಣಿಸುವ ಅಗತ್ಯವಿಲ್ಲ. ಅದು ವಕೀಲರಿಲ್ಲದೆ ಗೆಲ್ಲುವ ವ್ಯಾಜ್ಯ.

ಇನ್ನು ಆತ್ಮತೃಪ್ತಿಯ ವಿಚಾರ. ಪ್ರವಾಸಿಯನ್ನು ಕೊಲ್ಲುವುದು ಯಾವುದು? 2022ರಲ್ಲಿ ಇಡೀ ಭಾರತದಲ್ಲಿ ನಡೆದ ಕೊಲೆಗಳು 28,522. ಅದೇ ವರ್ಷ ರಸ್ತೆಗಳ ಮೇಲೆ ಸತ್ತವರು 1,68,491 ಮಂದಿ. ನೀರಿನಲ್ಲಿ ಮುಳುಗಿ ಸತ್ತವರೇ 38,000ಕ್ಕೂ ಮಿಕ್ಕವರು. ಕಳ್ಳನ ಭಯದಿಂದ ಕೊರಳ ಸರವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಡುವ ಕುಟುಂಬವು ಗಾಡಿಯ ಚಾಲಕನು ರಾತ್ರಿ ನಿದ್ದೆ ಮಾಡಿದನೆ ಎಂದು ಕೇಳುವುದಿಲ್ಲ. ಹೊಳೆಯ ದಡದಲ್ಲಿ ಚಪ್ಪಲಿ ಕದ್ದಾರೆಂದು ಒಬ್ಬರನ್ನು ಕಾವಲಿಗೆ ಕೂರಿಸಿ, ಮಕ್ಕಳನ್ನು ನೀರಿಗೆ ಬಿಡುತ್ತದೆ. ಊರ ಹಿರಿಯರ ಲೆಕ್ಕಾಚಾರವೂ ಇದೇ ಜಾತಿಯದು. ದರೋಡೆಯಿಲ್ಲವೆಂದು ಹೆಮ್ಮೆಪಡುವವರು ಸೇತುವೆ, ಸೋಪಾನ, ದಾರಿದೀಪಗಳನ್ನು ಕ್ಷೇಮದ ಬಾಬಿಗೆ ಸೇರಿಸುವುದೇ ಇಲ್ಲ.

ಈ ಮಾತಿನ ಬೆಲೆಯನ್ನು ದಾವಣಗೆರೆಯಷ್ಟು ಕಠಿನವಾಗಿ ಕಲಿತ ಊರು ಇನ್ನೊಂದಿರಲಾರದು. 2021ರ ಜನವರಿ 15, ಸಂಕ್ರಾಂತಿಯ ಮರುದಿನ, ಅಲ್ಲಿಯ ಸ್ತ್ರೀಯರ ಒಂದು ಗುಂಪು, ಶಾಲೆಯ ದಿನಗಳಿಂದ ಬಂದ ಸ್ನೇಹವುಳ್ಳವರು, ಗೋವೆಗೆ ವಿಹಾರಕ್ಕೆಂದು ಹೊರಟಿತು. ಧಾರವಾಡದ ಬಳಿ ಇಟಿಗಟ್ಟಿಯಲ್ಲಿ ಅವರ ವಾಹನಕ್ಕೂ ಟಿಪ್ಪರಿಗೂ ಡಿಕ್ಕಿಯಾಗಿ ಹತ್ತಕ್ಕಿಂತ ಹೆಚ್ಚು ಮಂದಿ ಅಸುನೀಗಿದರು. ಅವರನ್ನು ಯಾವ ಕಳ್ಳನೂ ಅಡ್ಡಗಟ್ಟಲಿಲ್ಲ. ಇತ್ತ ಬೆಂಗಳೂರಿನ ಕಡೆಯಿಂದಲೂ ಅತ್ತ ಬೆಳಗಾವಿಯ ಕಡೆಯಿಂದಲೂ ವಿಶಾಲವಾಗಿ ಬಂದ ಹೆದ್ದಾರಿಯು ಹುಬ್ಬಳ್ಳಿ ಧಾರವಾಡಗಳ ಹೊರವಲಯದಲ್ಲಿ ಸುಮಾರು 30 ಕಿಲೋಮೀಟರು ಮಾತ್ರ ನಡುವೆ ವಿಭಜಕವೂ ಇಲ್ಲದೆ ಇಕ್ಕಟ್ಟಾಗಿ ಉಳಿದಿತ್ತು. ಅದನ್ನು ಅಗಲಗೊಳಿಸುವ ಕೆಲಸ ಆರಂಭವಾದುದು ಈ ದುರಂತದ ಅನಂತರ. ಅಪಾಯ ಗೊತ್ತಿತ್ತು, ಸ್ಥಳ ಗೊತ್ತಿತ್ತು, ಮದ್ದೂ ಗೊತ್ತಿತ್ತು. ಇಂಥ ಸಾವನ್ನು ವಿಧಿಯ ತಲೆಗೆ ಕಟ್ಟುವುದು ವಿಧಿಗೆ ಮಾಡುವ ಅನ್ಯಾಯ.

ರಸ್ತೆಯ ಪಾಠ ಹಾಗಾಯಿತು. ನೀರಿನ ಪಾಠವನ್ನೂ ಅದೇ ಬೆಲೆ ಕೊಟ್ಟು ಕಲಿಯಬೇಕೆ? ತುಂಗಭದ್ರೆಯು ಬೇಸಗೆಯಲ್ಲಿ ಬಡವಾಗಿ, ಬಂಡೆಗಳ ನಡುವೆ ಮೆಲ್ಲನೆ ಹರಿಯುವಾಗ ಮೊಳಕಾಲುದ್ದವೆಂದು ಕಾಣುತ್ತದೆ. ಆದರೆ ಮರಳನ್ನು ಬಗೆದು ಸಾಗಿಸಿದ ಕಡೆಗಳಲ್ಲಿ ಹೊಳೆಯ ತಳ ಒಂದೇ ಸಮನಾಗಿರುವುದಿಲ್ಲ. ಒಂದು ಹೆಜ್ಜೆಗೆ ಮೊಳಕಾಲು, ಮುಂದಿನ ಹೆಜ್ಜೆಗೆ ಆಳು. ದಡದಲ್ಲಿ ಹುಟ್ಟಿದ ಹುಡುಗನಿಗೆ ಇದು ತಿಳಿದಿರುತ್ತದೆ. ಬಯಲುಸೀಮೆಯಿಂದ ಬಂದು ವರ್ಷಕ್ಕೊಮ್ಮೆ ಹೊಳೆಯನ್ನು ನೋಡುವ ಯಾತ್ರಿಕನಿಗೆ ತಿಳಿಯುವುದು ಹೇಗೆ? 2023ರ ಜೂನ್ 11ರಂದು ಶಕ್ತಿ ಯೋಜನೆಯು ಆರಂಭವಾಗಿ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೇಟಿನ ಹಣ ತಪ್ಪಿದ ಮೇಲೆ, ಹಿಂದೆ ಗಂಡಸರ ಅನುಕೂಲವನ್ನು ಕಾಯುತ್ತ ಮನೆಯಲ್ಲಿ ಕುಳಿತಿದ್ದ ಅಜ್ಜಿಯರೂ ಸೊಸೆಯಂದಿರೂ ತಾವೇ ಗುಂಪು ಕಟ್ಟಿಕೊಂಡು ಕ್ಷೇತ್ರಗಳಿಗೆ ಹೊರಡುತ್ತಾರೆ. ಅದನ್ನು ಹಾಸ್ಯಮಾಡಿದವರು ಅನೇಕರು. ಹಾಸ್ಯಮಾಡುವ ಬದಲು ಆ ಅಜ್ಜಿಯು ಸ್ನಾನಮಾಡಿ ಒದ್ದೆ ಸೀರೆಯನ್ನು ಬದಲಾಯಿಸುವುದೆಲ್ಲಿ, ಅವಳಿಗೆ ಶುಚಿಯಾದ ಶೌಚಾಲಯವೆಲ್ಲಿ, ಅವಳು ಬಸ್ಸಿನಿಂದಿಳಿದು ದೇವಾಲಯಕ್ಕೆ ನಡೆಯುವ ದಾರಿಯಲ್ಲಿ ಕತ್ತಲಾದ ಮೇಲೆ ಬೆಳಕಿದೆಯೆ ಎಂದು ಒಬ್ಬರಾದರೂ ಕೇಳಿದ್ದರೆ ಚೆನ್ನಾಗಿತ್ತು.

ಅವಳು ಮೀಯುವ ನೀರಾದರೂ ಎಂಥದು? ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯು 2018ರಲ್ಲಿ ಹೊರಡಿಸಿದ ಕಲುಷಿತ ನದೀಭಾಗಗಳ ಪಟ್ಟಿಯಲ್ಲಿ ತುಂಗಭದ್ರೆಯ ಹೆಸರಿತ್ತು. ಆ ಭಾಗವು ಆರಂಭವಾಗುವುದು ಹರಿಹರದಿಂದ. ಸುರಕ್ಷಿತ ಪಟ್ಟಣಗಳ ಪಟ್ಟಿಯಲ್ಲಿ ಸ್ಥಳವಿಲ್ಲದ ಊರಿಗೆ ಈ ಪಟ್ಟಿಯಲ್ಲಿ ಸ್ಥಳ ದೊರೆಯಿತು! ಹೊಳೆಯ ದಡದಲ್ಲಿ ಆರತಿಗೆಂದು ಮಂಟಪಗಳನ್ನು ಕಟ್ಟುವ ಯೋಜನೆ 2022ರಲ್ಲಿ ಸಂಭ್ರಮದಿಂದ ತೊಡಗಿತು. ಆರತಿಯು ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ದೀಪವನ್ನೆತ್ತಿ ಬೆಳಗಬೇಕಾದ ತಾಯಿಯ ಮೈಮೇಲೆ ಊರ ಬಚ್ಚಲನ್ನು ಬಿಡುವುದು ಯಾವ ಆಗಮದಲ್ಲಿ ಹೇಳಿದ ಉಪಚಾರ? ಮಂಟಪಕ್ಕೆ ಮೊದಲು ಚರಂಡಿ, ದೀಪಮಾಲೆಗೆ ಮೊದಲು ದಾರಿದೀಪ ಎಂಬ ಕ್ರಮವನ್ನು ಒಪ್ಪಲು ವಿಶೇಷ ಪಾಂಡಿತ್ಯ ಬೇಕಿಲ್ಲ.

ಇಂಥ ಮಾತುಗಳನ್ನು ಬಹಿರಂಗವಾಗಿ ಆಡಿದರೆ ಬರುವ ಯಾತ್ರಿಕರೂ ಬಾರದೆ ಹೋಗುವರು, ವ್ಯಾಪಾರ ಕೆಡುವುದು ಎಂಬ ಆಕ್ಷೇಪಣೆಯುಂಟು. ಇದು ಹಳಸಿದ ಅನ್ನವನ್ನು ಮುಚ್ಚಿಟ್ಟು ಬಡಿಸುವವನ ವಾದ. ‘ಇಲ್ಲಿ ನೀರು ಆಳ, ಇದರಿಂದಾಚೆಗೆ ಇಳಿಯಬೇಡಿ’ ಎಂಬ ಹಲಗೆಯನ್ನು ಓದಿ ಊರಿಗೆ ಬೆನ್ನುಹಾಕಿದ ಪ್ರವಾಸಿ ಎಲ್ಲಿಯೂ ಇಲ್ಲ. ಆ ಹಲಗೆಯಿಲ್ಲದ ಕಡೆ ಮಗನನ್ನು ಕಳೆದುಕೊಂಡ ತಂದೆ ಮಾತ್ರ ಆ ಊರಿನ ಹೆಸರನ್ನು ಮತ್ತೆ ಎತ್ತಲಾರನು. ಹಣವಿಲ್ಲವೆಂಬುದು ಇನ್ನೊಂದು ಆಕ್ಷೇಪಣೆ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ದೇಶದಲ್ಲಿ ಮೊದಲು ಆಯ್ದ ಇಪ್ಪತ್ತು ನಗರಗಳಲ್ಲಿ ದಾವಣಗೆರೆಯೂ ಒಂದು. ಅಂಥ ನಗರವು ಜಿಲ್ಲೆಯ ಮುಖ್ಯಸ್ಥಳವಾಗಿರುವಾಗ, ಪಕ್ಕದ ಹರಿಹರದ ಸೋಪಾನಕ್ಕೆ ಒಂದು ಸರಪಳಿ, ಆಳವನ್ನು ತೋರಿಸುವ ನಾಲ್ಕು ಕಲ್ಲುಕಂಬ, ತೇಲುವ ಬಳೆಗಳು, ಹಬ್ಬದ ದಿನಗಳಲ್ಲಿ ಸಂಬಳಕ್ಕೆ ನಿಂತ ಇಬ್ಬರು ಈಜುಗಾರರು, ಇಷ್ಟಕ್ಕೆ ಹಣವಿಲ್ಲವೆಂದರೆ ಕೇಳುವವರು ನಗಬಾರದೆ?

ಪೂರ್ವಕಾಲದ ಶಾಸನಗಳಲ್ಲಿ ಅರವಂಟಿಗೆ, ಛತ್ರ, ಕೆರೆ, ಬಾವಿಗಳಿಗೆ ಬಿಟ್ಟ ದತ್ತಿಗಳ ಮಾತು ಮತ್ತೆ ಮತ್ತೆ ಬರುತ್ತದೆ. ದಾರಿಹೋಕನ ಬಾಯಾರಿಕೆಯೂ ಬಿಸಿಲೂ ಊರಿನ ಹೊಣೆಯೆಂದು ಆ ಕಾಲದ ಗೌಡನೂ ಸೆಟ್ಟಿಯೂ ತಿಳಿದಿದ್ದರು. ಪೊಲೀಸರ ಅಂಕಿಗಳನ್ನು ತೋರಿಸಿ ಕೈತೊಳೆದುಕೊಳ್ಳಲಿಲ್ಲ. ಹರಿಹರದ ಪುರಸಭೆಯು ಈಗ ನಗರಸಭೆಯಾಗಿದೆ, ದಾವಣಗೆರೆಯದು ಮಹಾನಗರಪಾಲಿಕೆಯಾಗಿದೆ. ಹೆಸರು ದೊಡ್ಡದಾದುದಕ್ಕೆ ತಕ್ಕಂತೆ ಬರುವ ಸಂಕ್ರಾಂತಿಯ ಸ್ನಾನಕ್ಕೆ ಮುಂಚೆ ಸದಸ್ಯರು ಒಂದು ದಿನ ಮುಂಜಾನೆ ಕಾರುಗಳನ್ನು ಬಿಟ್ಟು, ರೈಲ್ವೆ ನಿಲ್ದಾಣದಿಂದ ದೇವಾಲಯಕ್ಕೂ ದೇವಾಲಯದಿಂದ ಹೊಳೆಗೂ ತಮ್ಮ ತಾಯಂದಿರನ್ನು ಕೈಹಿಡಿದು ನಡೆಸಿಕೊಂಡು ಹೋಗಲಿ. ಎಲ್ಲಿ ಅವರ ಕಾಲು ತಡೆಯಿತು, ಎಲ್ಲಿ ಮೂಗು ಮುಚ್ಚಿಕೊಂಡರು, ಯಾವ ಮೆಟ್ಟಿಲಿನಲ್ಲಿ ಮಗನ ತೋಳನ್ನು ಬಿಗಿಹಿಡಿದರು ಎಂಬುದನ್ನು ಬರೆದುಕೊಂಡು ಬಂದು ಮುಂದಿನ ಸಭೆಯಲ್ಲಿ ಓದಲಿ.